ಹದಿನಾರು ಶುಕ್ರವಾರಗಳಿಗೆ ಥ್ಯಾಂಕ್ಸ್

ಮೊನ್ನೆ ಕಾಲೇಜಿನ ಪ್ರಾಜೆಕ್ಟಿನ ವೈವಾ (ಮೌಖಿಕ ಪರೀಕ್ಷೆ) ಮುಗಿಯಿತು. ನಾವು ನಾಲ್ವರು ಸೇರಿ ಮಾಡಿದ ಗೊಂಚಲಿನಿಂದ ಕಾಳುಮೆಣಸು ಬಿಡಿಸುವ ಯಂತ್ರ ಪಾಸಾಯಿತು. ಅದಕ್ಕಿಂತ ದೊಡ್ಡ ಖುಷಿ ಅಂದರೆ, ಹೊಸನಗರದ ಕಡೆಯ ಒಬ್ಬ ಅಜ್ಜಿಯ ಮನೆಯಲ್ಲಿ ಈ ಸಲದ ಕೊನೇ ಕೊಯ್ಲಿನ ಮೆಣಸನ್ನು ಅದರಲ್ಲೇ ಬಿಡಿಸಿದ್ದಾಯಿತು. ರಿಪೋರ್ಟಿನಲ್ಲಿ ಥ್ಯಾಂಕ್ಸ್ ಹೇಳಲು ಒಂದೇ ಪುಟ, ಅದರ ಮೊದಲ ಸಾಲುಗಳು ಯಾರಿಗೆ ಅಂತ ಮೊದಲೇ ಗೊತ್ತಿರುತ್ತದೆ. ಅಲ್ಲಿ ಜಾಗ ಸಿಗದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗೈಡ್ ಸರ್‌ಗೆ. ನವೆಂಬರಿನಲ್ಲಿ ಅವರು ನಮ್ಮ ಕೈಗೆ ಒಂದು ಗೆರೆ ಹಾಕಿದ ನೋಟ್‌ಪುಸ್ತಕ ಕೊಟ್ಟರು. ಪ್ರತಿ ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಒಂದು ಪುಟ ತುಂಬಿಸಿ ತರಬೇಕು. ಈ ವಾರ ಏನಾಯಿತು, ಏನು ಆಗಲಿಲ್ಲ, ಯಾಕೆ ಆಗಲಿಲ್ಲ. ಅಷ್ಟೇ. ನಾನು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಮಾಡಿದ ಕೆಲಸವೇ ಮರೆತುಹೋಗುತ್ತಿತ್ತು. ಕನ್ನಡದಲ್ಲಿ ಬರೀಲಾ ಸರ್ ಅಂತ ಕೇಳಿದೆ. "ನನಗೆ ಅರ್ಥ ಆದರೆ ಸಾಕು, ಬರಿ" ಅಂದರು. ಆ ಒಂದು ಮಾತಿಗೆ ನಾನು ಯಾವತ್ತೂ ಋಣಿ.

ವಾರ ವಾರ ಯಾಕೆ ಇಷ್ಟು ಒತ್ತಾಯ ಅಂತ ನಮಗೆ ಆಮೇಲೆ ತಿಳಿಯಿತು. ನಮ್ಮ ಕಡೆ ಮೆಣಸಿನ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್ ತನಕ. ಕಾಲೇಜಿನ ಕ್ಯಾಲೆಂಡರಿನಲ್ಲಿ ಮೇ ತನಕ ಟೈಮ್ ಇತ್ತು, ಬಳ್ಳಿಯಲ್ಲಿ ಇರಲಿಲ್ಲ.

ಒಂಬತ್ತನೇ ಶುಕ್ರವಾರದ ಪುಟ ತೆಗೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ಮೊದಲ ಟ್ರಯಲ್. ಅರ್ಧ ಎಚ್‌ಪಿ ಮೋಟಾರು, 1440 ಆರ್‌ಪಿಎಂ, 2 ಇಂಚಿನ ಪುಲ್ಲಿಯಿಂದ 8 ಇಂಚಿನ ಪುಲ್ಲಿಗೆ ಬೆಲ್ಟು. ಅಂದರೆ ಡ್ರಮ್ಮು ನಿಮಿಷಕ್ಕೆ 360 ಸುತ್ತು. ಡ್ರಮ್ಮಿನ ಮೇಲೆ ಕಬ್ಬಿಣದ ಹಲ್ಲುಗಳು. ಉದುರಿದ ಕಾಳಲ್ಲಿ ಒಂದು ಕಿಲೋ ತೂಗಿ, ನಾಲ್ವರೂ ನೆಲದ ಮೇಲೆ ಕೂತು ಒಂದೊಂದೇ ಆರಿಸಿದೆವು. 140 ಗ್ರಾಂ ಜಜ್ಜಿಹೋಗಿತ್ತು. ಅಜ್ಜಿ ಒಂದು ಮುಷ್ಟಿ ಎತ್ತಿಕೊಂಡು ನೋಡಿ, "ಒಡೆದ ಕಾಳಿಗೆ ಬೂಷ್ಟು ಬರ್ತದೆ ಮಗಾ" ಅಂದರು. ಅವರು ಐವತ್ತು ವರ್ಷದಿಂದ ಕಾಲಲ್ಲಿ ತುಳಿದೇ ಮೆಣಸು ಬಿಡಿಸಿದವರು. ಅವರ ಕಾಲಡಿಯಲ್ಲಿ ಒಡೆಯದ ಕಾಳು ನಮ್ಮ ಯಂತ್ರದಲ್ಲಿ ಒಡೆಯುತ್ತಿದೆ ಅಂದರೆ ನಾವು ಮಾಡಿದ್ದು ಸರಿ ಇಲ್ಲ ಅಂತಲೇ ಅರ್ಥ ಅಲ್ವಾ? ಆ ವಾರದ ಪುಟದಲ್ಲಿ ಅವರ ಮಾತನ್ನೇ ಬರೆದೆ. ಮುಂದಿನ ವಾರ 12 ಇಂಚಿನ ಪುಲ್ಲಿ ಹಾಕಿ ವೇಗವನ್ನು 240ಕ್ಕೆ ಇಳಿಸಿದೆವು, ಹಲ್ಲು ತೆಗೆದು ರಬ್ಬರ್ ಪಟ್ಟಿ ಕೂರಿಸಿದೆವು. 140 ಗ್ರಾಂ ಇದ್ದದ್ದು 25ಕ್ಕೆ ಇಳಿಯಿತು. ಅಜ್ಜಿ, ನಿಮ್ಮ ಮೆಣಸು ಎಷ್ಟು ಹಾಳು ಮಾಡಿದೆವೋ, ಒಂದು ದಿನವೂ ಮುಖ ಸಿಂಡರಿಸಲಿಲ್ಲ ನೀವು. ಮೇಲಿಂದ ಪ್ರತಿ ಸಲ ಊಟ ಹಾಕಿ ಕಳಿಸಿದಿರಿ.

ಲೇತ್ ಅಂಗಡಿಯ ಅಣ್ಣನಿಗೆ ಹೇಗೆ ಥ್ಯಾಂಕ್ಸ್ ಹೇಳುವುದೋ ಗೊತ್ತಾಗುತ್ತಿಲ್ಲ. ನಾವೇ ವೆಲ್ಡಿಂಗ್ ಮಾಡಿದ್ದೆವು, ಬಿಸಿಗೆ ಡ್ರಮ್ಮಿನ ನಡುವಿನ ಶಾಫ್ಟು ಬಾಗಿ ಡ್ರಮ್ಮು ತೊನೆಯಲು ಶುರುವಾಯಿತು. ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ಚುವ ಹೊತ್ತಿಗೆ ಹೋದೆವು. ಅವರು ಷಟರ್ ಅರ್ಧ ಎಳೆದು, ಡಯಲ್ ಗೇಜ್ (ಓರೆ ಅಳೆಯುವ ಮೀಟರು) ಇಟ್ಟು, ಎಲ್ಲಿ ಎಷ್ಟು ಓರೆಯಾಗಿ ತಿರುಗುತ್ತಿದೆ ಅಂತ ನಮಗೆ ತೋರಿಸಿ ತೋರಿಸಿ ಸರಿ ಮಾಡಿಕೊಟ್ಟರು. ಒಂದೇ ಕಡೆ ಉದ್ದಕ್ಕೂ ವೆಲ್ಡ್ ಎಳೆಯಬಾರದು, ಎದುರುಬದುರು ಸ್ವಲ್ಪ ಸ್ವಲ್ಪವೇ ಹಾಕಬೇಕು ಅನ್ನುವುದನ್ನು ಕಲಿತದ್ದು ಅಲ್ಲೇ. ಸಾಮಾನಿನ ದುಡ್ಡು ಮಾತ್ರ ತಗೊಂಡರು.

ಫೆಬ್ರವರಿ ಬಗ್ಗೆಯೂ ಹೇಳಬೇಕು. ನಮ್ಮ ಟೀಮಿನ ಒಬ್ಬನ ಅಪ್ಪ ಆಸ್ಪತ್ರೆ ಸೇರಿದರು. ಡ್ರಾಯಿಂಗ್ ಎಲ್ಲ ಅವನ ಕೈಯಲ್ಲಿತ್ತು. ಅವನನ್ನು ಕೇಳಲು ನಮಗೆ ಮನಸ್ಸು ಬರಲಿಲ್ಲ, ಕೆಲಸ ನಿಂತಿತು. ಆ ಶುಕ್ರವಾರ ನಾನು ಪುಟದಲ್ಲಿ "ಜರಡಿಯ ಡಿಸೈನ್ ಮುಂದುವರಿದಿದೆ" ಅಂತ ಬರೆದೆ. ಸುಳ್ಳು. ಸರ್ ಓದಿದರು. "ಎಷ್ಟು ಮುಂದುವರಿದಿದೆ, ತೋರಿಸು" ಅಂದರು. ನಾನು ಸುಮ್ನೆ ನಿಂತೆ. ಬೈಯಲಿಲ್ಲ ಅವರು. "ಏನೂ ಆಗಿಲ್ಲ ಅಂತಲೇ ಬರಿ. ಯಾಕೆ ಅಂತಲೂ ಬರಿ" ಅಂತ ಪುಸ್ತಕ ವಾಪಸ್ ಕೊಟ್ಟರು. ಬರೆದೆ. ಬರೆದ ಮೇಲೆ ಅವರೇ ಆ ಗೆಳೆಯನಿಗೆ ಫೋನ್ ಮಾಡಿ ಮಾತಾಡಿದರು, ಅವನ ಕೆಲಸ ಮೂವರಿಗೆ ಹಂಚಿದರು, ವರ್ಕ್‌ಶಾಪಿನ ಅಟೆಂಡರ್ ಎರಡು ಭಾನುವಾರ ನಮಗೋಸ್ಕರ ಬಂದು ಬೀಗ ತೆಗೆದರು. ಅವರಿಗೂ ದೊಡ್ಡ ನಮಸ್ಕಾರ. ಗೆಳೆಯನ ಅಪ್ಪ ಈಗ ಮನೆಗೆ ಬಂದಿದ್ದಾರೆ, ಓಡಾಡುತ್ತಿದ್ದಾರೆ. ಅವನು ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಜರಡಿಯ ಲೆಕ್ಕ ಮುಗಿಸಿ ಕಳಿಸಿದ್ದ. ಊರಿನ ಸಣ್ಣ ಕಾಳಿಗೆ ಸರಿಯಾಗಿದ್ದ ತೂತುಗಳಲ್ಲಿ ಪಣಿಯೂರು ತಳಿಯ ದಪ್ಪ ಕಾಳು ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೆ ಬೇರೆ ಜರಡಿ ಬೇಕು, ಎರಡನ್ನೂ ಬದಲಾಯಿಸುವ ಹಾಗೆ ಇಡೋಣ ಅಂದದ್ದು ಅವನೇ.

ಹದಿನಾರನೇ ಶುಕ್ರವಾರ, ಮಾರ್ಚ್ ಮೊದಲ ವಾರ. ಸರ್ ತಾವೇ ಅಜ್ಜಿಯ ಅಂಗಳಕ್ಕೆ ಬಂದರು. ಯಂತ್ರ ಓಡಿತು. ಬಿಡಿಸಿದ ಕಾಳನ್ನು ಅಜ್ಜಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು ಬಿಸಿಲಿಗೆ ಹರವಿದರು. ಒಂದು ವಾರಕ್ಕೆ ಕಪ್ಪಗೆ ಹೊಳೆಯುತ್ತಿತ್ತು, ಬೂಷ್ಟು ಇರಲಿಲ್ಲ.

ಆ ಮೆಣಸಿನಲ್ಲಿ ನಮ್ಮ ನಾಲ್ವರಿಗೂ ಒಂದೊಂದು ಬಾಟಲಿ ತುಂಬಿ ಕೊಟ್ಟಿದ್ದಾರೆ, ಸರ್‌ಗೂ ಒಂದು ಕಳಿಸಿದ್ದಾರೆ. ಅದಿನ್ನೂ ನನ್ನ ಬ್ಯಾಗಿನಲ್ಲಿದೆ. ನಾಳೆ ಶುಕ್ರವಾರ. ಮೂರೂವರೆಗೆ ನಾಲ್ವರೂ ಹೋಗಿ ಕೊಟ್ಟು ಬರುತ್ತೇವೆ.