ಮಗಳಿಗೊಂದು ಪತ್ರ: ಬಾವಿಯ ವಿಷಯ ನಿನಗೆ ಹೇಳಿರಲಿಲ್ಲ

ಪ್ರೀತಿಯ ಮಗಳೇ,

ಫೋನಿನಲ್ಲಿ ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆ ಸೋಮವಾರ ರಾತ್ರಿ ನೀನು ಮಾತು ಅರ್ಧಕ್ಕೇ ನಿಲ್ಲಿಸಿ ಫೋನ್ ಇಟ್ಟ ಮೇಲೆ ಅಮ್ಮ ಎರಡು ಸಲ ಕೇಳಿದಳು, ಏನಂತೆ ಅಂತ. ನೆಟ್‌ವರ್ಕ್ ಹೋಯಿತು ಅಂದೆ. ಅವಳು ನಂಬಲಿಲ್ಲ. ಮತ್ತೆ ಕೇಳಲೂ ಇಲ್ಲ.

ನೀನು ಕೊನೆಗೆ ಹೇಳಿದ್ದು ಇದು: "ಅಪ್ಪ, ಅವರು ಗೆದ್ದಾಯ್ತಲ್ಲ, ಈಗ ನಾನು ಯಾರ ಹತ್ರ ಜಗಳ ಮಾಡಲಿ?"

2024ರ ಜುಲೈ 4ರ ಬ್ರಿಟನ್ ಮತದಾನದ ಹಿಂದಿನ ರಾತ್ರಿ ನಾನು ಹೇಳಿದ ಮಾತನ್ನೇ ನೀನು ನನಗೆ ತಿರುಗಿಸಿ ಕೊಟ್ಟದ್ದು ಅಂತ ನನಗೆ ಗೊತ್ತಾಗಿದೆ. ನಿನಗೆ ಗ್ರೀನ್ ಪಕ್ಷಕ್ಕೆ ಹಾಕುವ ಮನಸ್ಸಿತ್ತು, ನನಗೆ ಅಲ್ಲಿನ ದೊಡ್ಡ ಎಡಪಕ್ಷ ಲೇಬರ್ ಗೆಲ್ಲಬೇಕಿತ್ತು. ನಾನು ಬಿಡಲಿಲ್ಲ. "ಲೇಬರ್‌ಗೇ ಹಾಕು, ಗೆಲ್ಲುವವರಿಗೆ ಹಾಕು, ಮೊದಲು ಗೆಲ್ಲಲಿ, ಗೆದ್ದ ಮೇಲೆ ಜಗಳ ಮಾಡು" ಅಂದೆ. ಇಂಡಿಯಾದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ದೇಶದವರು ಅಲ್ಲಿ ಮತ ಹಾಕಬಹುದು ಅಂತ ನೀನು ಹೇಳಿದ ದಿನ ನಾನು ಪೈವಳಿಕೆ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಅದನ್ನು ಹೇಳಿಕೊಂಡು ಬಂದಿದ್ದೆ. ನನ್ನ ಮಗಳು ಬ್ರಿಟನ್ನಿನ ಸರ್ಕಾರ ಯಾವುದಾಗಬೇಕು ಅಂತ ಹೇಳುತ್ತಾಳೆ ಅಂತ. ಅಷ್ಟು ಹೆಮ್ಮೆಪಟ್ಟವನು ಆ ಮತ ಯಾರಿಗೆ ಅಂತ ನಿರ್ಧರಿಸುವ ಕೆಲಸವನ್ನು ನಿನಗೆ ಬಿಡಲಿಲ್ಲ.

ಯಾಕೆ ಹಾಗೆ ಹೇಳಿದೆ ಅಂತ ಒಂದು ಮಾತು. ನಾನು ಕೇರಳದ ಮಂಜೇಶ್ವರ ಕ್ಷೇತ್ರದ ಮತದಾರ. 2016ರಲ್ಲಿ ಇಲ್ಲಿ ಬಿಜೆಪಿ ಸೋತದ್ದು 89 ಮತಕ್ಕೆ. 2021ರಲ್ಲಿ 745ಕ್ಕೆ. ಎರಡು ಸಲವೂ ಗೆದ್ದದ್ದು ಮುಸ್ಲಿಂ ಲೀಗ್, ನಮ್ಮ ಸಿಪಿಎಂನವರು ಮೂರನೆಯವರು. ಒಂದು ಕಾಲಕ್ಕೆ ಕಮ್ಯುನಿಸ್ಟರಾದ ರಾಮಪ್ಪ ಮಾಸ್ಟ್ರು, ಡಾ. ಸುಬ್ಬರಾವ್ ಗೆದ್ದು ಬರುತ್ತಿದ್ದ ಕ್ಷೇತ್ರ ಇದು. ಪ್ರತಿ ಸಲ ಬೂತಿನ ಒಳಗೆ ನಿಂತು, ನಮ್ಮವನಿಗೆ ಹಾಕಿದರೆ ಯಾರು ಬರುತ್ತಾರೆ ಅಂತ ಲೆಕ್ಕ ಹಾಕಿ ಹಾಕಿ ನನ್ನ ತಲೆ ಆ ಲೆಕ್ಕದಲ್ಲೇ ನಿಂತುಬಿಟ್ಟಿದೆ. ಅದೇ ಲೆಕ್ಕವನ್ನು ನಿನಗೂ ಕೊಟ್ಟೆ.

ಈಗ ಲೇಬರಿನವರು ಕಾಯಂ ವಾಸಕ್ಕೆ ನೀನು ಕಾಯುವ ಐದು ವರ್ಷವನ್ನು ಹತ್ತು ಮಾಡಲು ಹೊರಟಿದ್ದಾರೆ. 2025ರ ಮೇ 1ರ ಸ್ಥಳೀಯ ಚುನಾವಣೆಯಲ್ಲಿ ವಲಸೆಯನ್ನು ವಿರೋಧಿಸುವ ರಿಫಾರ್ಮ್ ಪಕ್ಷದವರು ಮೇಲೆ ಬಂದರು, ರನ್‌ಕಾರ್ನ್ ಉಪಚುನಾವಣೆಯಲ್ಲಿ ಲೇಬರ್ ಬರೀ 6 ಮತಕ್ಕೆ ಸೋತಿತು. ಹನ್ನೊಂದು ದಿನ ಕಳೆಯುವುದರೊಳಗೆ ಪ್ರಧಾನಿ ಸ್ಟಾರ್ಮರ್ ಮೈಕಿನ ಮುಂದೆ ನಿಂತು, ಹೀಗೇ ಆದರೆ ನಾವು ಅಪರಿಚಿತರ ದ್ವೀಪವಾಗುತ್ತೇವೆ ಅಂದರು. ಕಾಯಂ ವಾಸಕ್ಕೆ 5 ವರ್ಷ ಇದ್ದದ್ದು 10, ಮುದುಕರನ್ನು ನೋಡಿಕೊಳ್ಳುವ ನಿನ್ನ ಕೇರರ್ ಕೆಲಸಕ್ಕೆ ಹೊರದೇಶದಿಂದ ಇನ್ನು ಯಾರೂ ಬರುವುದು ಬೇಡ. ನೀನು ಹೋದದ್ದು 2022ರಲ್ಲಿ. 2027ಕ್ಕೆ ಮುಗಿಯುತ್ತದೆ ಅಂತ ಅಮ್ಮ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾಳೆ. 2032 ಅಂದರೆ ನನಗೆ ಎಪ್ಪತ್ತು. ಅಷ್ಟು ವರ್ಷ ಒಬ್ಬ ಯಜಮಾನನ ಕಾಗದದ ಮೇಲೆ ನಿನ್ನ ಬದುಕು ನೇತಾಡುವುದು ನನಗೆ ನಿದ್ದೆ ಬಿಡಿಸಿದೆ.

ನೀನು ಕೇಳಿದ್ದು ಬರೀ ವೀಸಾದ ಪ್ರಶ್ನೆ ಆಗಿರಲಿಲ್ಲ. ಎಡಪಕ್ಷ ಗೆಲ್ಲಬೇಕಾದರೆ ತನ್ನ ನೀತಿಯನ್ನು ಎಷ್ಟು ಸಡಿಲ ಮಾಡಬಹುದು ಅನ್ನುವುದೇ ನಿನ್ನ ಪ್ರಶ್ನೆ. 2019ರಲ್ಲೂ ನೀನು ಕೇಳಿದ್ದೆ. ಜನವರಿ 1ರಂದು ಕಾಸರಗೋಡಿನಲ್ಲಿ, ಶಬರಿಮಲೆಗೆ ಹೆಂಗಸರ ಪ್ರವೇಶದ ಗಲಾಟೆಯ ಹೊತ್ತಿಗೆ ನಮ್ಮ ಎಡ ಸರ್ಕಾರ ಕಟ್ಟಿದ ಹೆಂಗಸರ ಸಾಲು, ಆ ವನಿತಾ ಗೋಡೆಗೆ ನೀನು, ಅಮ್ಮ ಹೋಗಿ ನಿಂತು ಬಂದದ್ದು, ಮೇ ತಿಂಗಳ ಲೋಕಸಭಾ ಫಲಿತಾಂಶದಲ್ಲಿ ಕೇರಳದ 20ರಲ್ಲಿ ನಮಗೆ 19 ಸೀಟು ಹೋದದ್ದು, ಆಮೇಲೆ ಶಬರಿಮಲೆಯ ಮಾತು ಮೆಲ್ಲಗೆ ಕಡಿಮೆಯಾದದ್ದು. "ಹಾಗಾದ್ರೆ ನಾವು ನಿಂತದ್ದು ತಪ್ಪಾ?" ಅಂದಿದ್ದೆ. ನಾನು ಪೇಪರ್ ಓದುತ್ತಿದ್ದವನ ಹಾಗೆ ಸುಮ್ನೆ ಕೂತಿದ್ದೆ.

ತಪ್ಪಲ್ಲ ಮಗಳೇ. ಆಗಲೇ ಹೇಳಬೇಕಿತ್ತು.

ಈಗ ಒಂದು ವಿಷಯ ಹೇಳುತ್ತೇನೆ. ನಮ್ಮ ಹತ್ತು ಸೆಂಟ್ಸಿನ ಕಥೆ ನಿನಗೆ ಬಾಯಿಪಾಠ. ಬಾವಿಯ ವಿಷಯ ನಿನಗೆ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ.

1970ರ ಜನವರಿ. ನನಗೆ ಎಂಟು ವರ್ಷ. ಕುಡಿಕಿಡಪ್ಪಿನವರು, ಅಂದರೆ ಧಣಿಗಳ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ನಮ್ಮಂಥವರು, ಕಚೇರಿಯ ಕಾಗದಕ್ಕೆ ಕಾಯುತ್ತ ಕೂರದೆ, ಭೂಸುಧಾರಣೆಯ ಕಾಯಿದೆ ಕೊಟ್ಟ, ತಮ್ಮ ಗುಡಿಸಲಿನ ಸುತ್ತಲಿನ ಹತ್ತು ಸೆಂಟ್ಸಿಗೆ ತಾವೇ ಬೇಲಿ ಹಾಕಬೇಕು ಅಂತ ಪಕ್ಷ ಹೇಳಿತ್ತು. ಅಜ್ಜ ಘಟ್ಟಕ್ಕೆ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿ ಅಜ್ಜಿ, ನಾನು, ತೊಟ್ಟಿಲಲ್ಲಿ ನಿನ್ನ ಅತ್ತೆ. ಪಕ್ಷದ ಮೂವರು ತೆಂಗಿನ ನಾರಿನ ಹಗ್ಗ ತಂದರು. ಅರುವತ್ತಾರು ಅಡಿಗೆ ಒಂದು ಗಂಟು. ಉದ್ದ ಅರುವತ್ತಾರು, ಅಗಲ ಅರುವತ್ತಾರು, ಅಲ್ಲಿಗೆ ಹತ್ತು ಸೆಂಟ್ಸು. ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಹಲಸಿನ ಮರದ ಬುಡದಲ್ಲಿ ನಿಲ್ಲಿಸಿದರು. ಬೆಳಗ್ಗಿನ ಮಂಜಿಗೆ ಹಗ್ಗ ಒದ್ದೆಯಾಗಿತ್ತು. ಎಳೆದಾಗ ಅಂಗೈ ಉರಿಯಿತು. ಬಿಡಬೇಡ ಮಾರಾಯ ಅಂತ ಆಚೆ ತುದಿಯಿಂದ ಕೂಗುತ್ತಿದ್ದರು. ನಾನು ಬಿಡಲಿಲ್ಲ. ಇಷ್ಟು ನಿನಗೆ ಗೊತ್ತಿದೆ.

ಬಾವಿ ಹಗ್ಗದಿಂದ ಹೊರಗೆ ಉಳಿಯಿತು. ಹತ್ತು ಹೆಜ್ಜೆ ಆಚೆ, ಧಣಿಗಳ ಅಡಿಕೆ ತೋಟದ ಅಂಚಿನಲ್ಲಿ.

ಅದೇ ದಿನ ಸಂಜೆ ಧಣಿಗಳ ಕಡೆಯ ಕಾರ್ಯಸ್ಥರು ಬಂದರು. ಬೈಯಲಿಲ್ಲ. ಜಗಲಿಯ ತುದಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು ಮಾತಾಡಿದರು. "ಹತ್ತು ಯಾಕೆ? ಗುಡಿಸಲಿಗೆ ಆರು ಸಾಕಲ್ಲ. ಆರಕ್ಕೆ ಒಪ್ಪಿದರೆ ಬಾವಿಯ ದಾರಿ ಯಾರೂ ಕಟ್ಟುವುದಿಲ್ಲ, ತೋಟದ ಕೆಲಸವೂ ಇರುತ್ತದೆ, ಎಲ್ಲ ಮೊದಲಿನ ಹಾಗೆ." ಅಜ್ಜಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಗ್ಗ ಎಳೆದಾಗಿದೆ" ಅಂದರು. ಅಷ್ಟೇ.

ಮರುದಿನ ಬಾವಿಯ ರಾಟೆ ಇರಲಿಲ್ಲ. ಕಟ್ಟೆಯ ಸುತ್ತ ಮುಳ್ಳು. ಅಲ್ಲಿಂದ ಆರು ವರ್ಷ, ಪಂಚಾಯತಿನ ಬಾವಿ ಆಗುವವರೆಗೆ, ನಾವು ನೀರು ತಂದದ್ದು ತೋಡಿನಿಂದ. ಮಳೆಗಾಲದಲ್ಲಿ ಕೆಂಪು ನೀರು. ಏಪ್ರಿಲ್ ಬಂದರೆ ತೋಡೂ ಇಲ್ಲ, ಮರಳಲ್ಲಿ ಹೊಂಡ ತೋಡಿ ಗೆರಟೆಯಲ್ಲಿ ಬಗೆದು ಬಗೆದು ಕೊಡ ತುಂಬಿಸಬೇಕು. ಒಂದು ಕೊಡಕ್ಕೆ ಅರ್ಧ ಗಂಟೆ. ತೋಟದ ಕೆಲಸ ನಿಂತಿತು, ಅಜ್ಜಿ ಬೀಡಿಗೆ ಕೂತರು. ತಡ್ಪೆ ತೊಡೆಯ ಮೇಲೆ ಇಟ್ಟುಕೊಂಡು ನಡುರಾತ್ರಿಯವರೆಗೆ ಕಟ್ಟುತ್ತಿದ್ದರು.

ಒಂದು ರಾತ್ರಿ, ಬಿರುಬೇಸಿಗೆ, ಅತ್ತೆಗೆ ಜ್ವರ, ಮನೆಯಲ್ಲಿ ಒಂದು ಚೆಂಬು ನೀರು ಇಲ್ಲ. ನಾನು ಮಲಗಿದ್ದೇನೆ ಅಂತ ಅಂದುಕೊಂಡು ಅಜ್ಜಿ ಚಿಮಿಣಿ ದೀಪದ ಹತ್ತಿರ ಕೂತು ತಮ್ಮಷ್ಟಕ್ಕೇ ಹೇಳಿದರು: "ಆರಕ್ಕೆ ಒಪ್ಪಬಹುದಿತ್ತು."

ಐವತ್ತು ವರ್ಷಕ್ಕಿಂತ ಜಾಸ್ತಿ ಆಯಿತು, ಇದನ್ನು ನಾನು ಯಾರಿಗೂ ಹೇಳಿಲ್ಲ. ಪಕ್ಷದ ಸಭೆಗಳಲ್ಲಿ ಎಷ್ಟು ಸಲ ಅಜ್ಜಿಯ ಹೆಸರು ಹೇಳಿ ಚಪ್ಪಾಳೆ ಹೊಡೆದರು. ಮಲಯಾಳದಲ್ಲಿ ಬಂದ ಸರ್ಕ್ಯುಲರನ್ನು ತುಳುವಿನಲ್ಲಿ ವಿವರಿಸುವಾಗ ನಾನೇ ಎಷ್ಟು ಸಲ ಹೇಳಿದ್ದೇನೆ, ನನ್ನ ತಾಯಿ ಒಂದು ಸೆಂಟ್ಸೂ ಬಿಡಲಿಲ್ಲ ಅಂತ. ಆ ರಾತ್ರಿಯ ಮಾತು ನುಂಗಿಕೊಂಡೇ ಹೇಳಿದ್ದೇನೆ. ಹೇಳಿದರೆ ಅಜ್ಜಿ ಚಿಕ್ಕವರಾಗುತ್ತಾರೆ ಅಂತ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಅವರು ಬಿಟ್ಟದ್ದು ಏನು ಅಂತ ಅವರಿಗೆ ದಿನಾ ಗೊತ್ತಿತ್ತು, ಸೊಂಟದ ಮೇಲೆ ಗೊತ್ತಿತ್ತು.

ಆ ನಾಲ್ಕು ಸೆಂಟ್ಸಿನಲ್ಲಿ ಈಗ ಏನಿದೆ ಅಂತ ನೋಡಿದರೆ, ಹಲಸಿನ ಮರ, ಮತ್ತೆ ಅಜ್ಜಿಯನ್ನು ಸುಟ್ಟ ಜಾಗ. ಹೆಣ ಸುಡಲಿಕ್ಕೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ ನಾವು.

ನಾನು ಎರಡು ಕಡೆಯೂ ನೋಡಿದವನು. 1957ರಲ್ಲಿ ನಮ್ಮ ನೀಲೇಶ್ವರದಿಂದ ಗೆದ್ದ ಕಮ್ಯುನಿಸ್ಟ್ ನಾಯಕ ಇಎಂಎಸ್ ಏಪ್ರಿಲ್ 5ಕ್ಕೆ ಕೇರಳದ ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿದರು, 11ಕ್ಕೆ ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ. ಅಷ್ಟು ಗಡಿಬಿಡಿ ಬೇಡವಿತ್ತು ಅಂತ ಹೇಳಿದವರು ಆಗಲೂ ಇದ್ದರು. 1959ರಲ್ಲಿ ಕೇಂದ್ರದವರು ಆ ಸರ್ಕಾರವನ್ನೇ ಕಿತ್ತರು. 1960ರಲ್ಲಿ ಕಮ್ಯುನಿಸ್ಟರ ಮತ 35ರಿಂದ 39 ಪರ್ಸೆಂಟಿಗೆ ಏರಿತು, ಸೀಟು 60ರಿಂದ 29ಕ್ಕೆ ಇಳಿಯಿತು. ಸೋತರು. ಆದರೆ ಭೂಮಿಯ ಕಾಯಿದೆಯ ಆಸೆ ಜನರ ಮನಸ್ಸಲ್ಲಿ ಕೂತುಬಿಟ್ಟಿತ್ತು. ಕೊನೆಗೆ 1969ರಲ್ಲಿ ತಿದ್ದುಪಡಿ ಪಾಸಾದಾಗ ಇಎಂಎಸ್ ಅಧಿಕಾರದ ಕೊನೆಯ ದಿನಗಳು. ಜಾರಿಗೆ ತಂದದ್ದು ಸಿಪಿಐನ ಅಚ್ಯುತ ಮೇನೋನರ ಸರ್ಕಾರ, ಯಾರ್ಯಾರದ್ದೋ ಬೆಂಬಲ ಹಿಡಿದು. ನಮ್ಮವರು ಆ ಸರ್ಕಾರವನ್ನು ಬೈಯುತ್ತಿದ್ದರು. ಹಗ್ಗ ಎಳೆದದ್ದು ನಮ್ಮವರು, ಪಟ್ಟಯ, ಅಂದರೆ ಜಾಗದ ಹಕ್ಕುಪತ್ರ, ಕೊಟ್ಟದ್ದು ಅವರು. ಹಾಗಾಗಿ ರಾಜಿ ಮಾಡಿಕೊಂಡವರೆಲ್ಲ ದ್ರೋಹಿಗಳು ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ನಿನ್ನ ಲೇಬರಿನವರೂ ಅಷ್ಟೇ. 1995ರಲ್ಲಿ ಪಕ್ಷದ ನಿಯಮಾವಳಿಯಲ್ಲಿದ್ದ ಸಾರ್ವಜನಿಕ ಒಡೆತನದ ಹಳೆಯ ಕಲಮನ್ನು ಬದಲಾಯಿಸಿದರು, 1997ರಲ್ಲಿ 418 ಸೀಟು ಬಂತು, ಎರಡು ವರ್ಷದಲ್ಲಿ ಕನಿಷ್ಠ ವೇತನ ಜಾರಿಯಾಯಿತು. ನಿನ್ನ ಗಂಟೆಯ ಸಂಬಳ ಲೆಕ್ಕ ಹಾಕುವಾಗ ಅದೇ ಕಾಯಿದೆ ನಿನ್ನ ಬೆನ್ನಿಗಿದೆ.

ಆದರೆ 2024ರ ಗೆಲುವಿನ ಲೆಕ್ಕ ನೋಡು. 411 ಸೀಟು, ಮತ ಸುಮಾರು 97 ಲಕ್ಷ. 2019ರಲ್ಲಿ ಹೀನಾಯವಾಗಿ ಸೋತಾಗ ಬಂದದ್ದು 1 ಕೋಟಿ 2 ಲಕ್ಷಕ್ಕಿಂತ ಜಾಸ್ತಿ! ಎದುರಿನವರು ಒಡೆದರು, ಇವರು ಗೆದ್ದರು. ನೀತಿ ಸಡಿಲ ಮಾಡಿದ್ದಕ್ಕೆ ಜನ ಓಡೋಡಿ ಬಂದರು ಅಂತ ನನಗಂತೂ ಕಾಣುವುದಿಲ್ಲ. ಆಮೇಲೆ ಮೊದಲು ಕೈ ಹಾಕಿದ್ದು ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಮುದುಕರಿಗೆ ಸರ್ಕಾರ ಕೊಡುತ್ತಿದ್ದ ಹಣಕ್ಕೆ. ನೀನು ಹೋಗುವ ಮನೆಯ ಆ ಅಜ್ಜಿ ಹೀಟರ್ ಆರಿಸಿ, ಎರಡು ಸ್ವೆಟರಿನ ಮೇಲೆ ಕೋಟು ಹಾಕಿ ಮಂಚದಲ್ಲಿ ಕೂತಿದ್ದರು ಅಂತ ನೀನೇ ಹೇಳಿದ್ದೆ. ಅವರ ಬೆರಳು ಎಷ್ಟು ತಣ್ಣಗಿತ್ತು ಅಂದರೆ ಬಟನ್ ಹಾಕುವಾಗ ನಿನ್ನ ಕೈಯೂ ತಣ್ಣಗಾಯಿತು ಅಂತ.

ನಾಲ್ಕು ದಿನದಿಂದ ನನ್ನ ತಲೆಯಲ್ಲಿ ಇದೇ ತಿರುಗುತ್ತಿದೆ. ಅಜ್ಜಿ ಬಾವಿ ಬಿಟ್ಟದ್ದು ಸರಿಯೋ ತಪ್ಪೋ, ಬಿಟ್ಟದ್ದು ತಮ್ಮ ಬಾವಿ. ಕಾರ್ಯಸ್ಥರು ಕೇಳಿದ್ದು ಅವರನ್ನೇ, ಉತ್ತರ ಹೇಳಿದ್ದೂ ಅವರೇ. ಆರಕ್ಕೆ ಒಪ್ಪಿದ್ದರೂ ನಾನು ಬೈಯುತ್ತಿರಲಿಲ್ಲ. ನಿನ್ನ ಐದು ವರ್ಷವನ್ನು ಲೇಬರಿನವರು ಬಿಟ್ಟುಕೊಟ್ಟರಲ್ಲ, ನಿನ್ನನ್ನು ಯಾರು ಕೇಳಿದರು? ಆ ಮುದುಕಿಯನ್ನು ಯಾರು ಕೇಳಿದರು? ಪಕ್ಷ ತನ್ನ ಘೋಷಣೆ ಬಿಡಲಿ, ಕುರ್ಚಿ ಬಿಡಲಿ, ಹತ್ತು ವರ್ಷದ ಕೆಲಸವನ್ನು ಇಪ್ಪತ್ತು ವರ್ಷದಲ್ಲಿ ಮಾಡುತ್ತೇನೆ ಅನ್ನಲಿ, ಅದು ಅದರ ಕೈಯಲ್ಲಿರುವುದು. ಬಡವರ ಜಾಗ ಅಳೆದು ಕೊಡಬೇಕಾದವರೇ ಅದರಿಂದ ನಾಲ್ಕು ಸೆಂಟ್ಸು ತೆಗೆದು ಎದುರಿನವರಿಗೆ ದಾಟಿಸುವುದು ಮಾತ್ರ ನನಗೆ ಒಪ್ಪಿಗೆ ಇಲ್ಲ. ಬಂಗಾಳದಲ್ಲಿ ಗೇಣಿದಾರರ ಹೆಸರು ದಾಖಲೆಯಲ್ಲಿ ಬರೆಸಿಕೊಟ್ಟ ನಮ್ಮ ಪಕ್ಷದವರೇ ಸಿಂಗೂರಿನಲ್ಲಿ ಕಾರಿನ ಕಾರ್ಖಾನೆಗೆ ರೈತರ ಗದ್ದೆ ತೆಗೆದುಕೊಂಡರು. 34 ವರ್ಷದ ಸರ್ಕಾರ 2011ರಲ್ಲಿ ಹೋಯಿತು, 2021ಕ್ಕೆ ವಿಧಾನಸಭೆಯಲ್ಲಿ ಒಂದು ಸೀಟೂ ಇಲ್ಲ.

ನಾನೂ ನಿನ್ನನ್ನು ಕೇಳಲಿಲ್ಲ, ಹೇಳಿದೆ. ಅದು ನನ್ನ ತಪ್ಪು, ಮಗಳೇ. ಇಲ್ಲಿನ 89 ಮತದ ಹೆದರಿಕೆಯನ್ನು ನಿನ್ನ ತಲೆಯ ಮೇಲೆ ಹೊರಿಸಿದೆ. ಕ್ಷಮಿಸು.

ಇನ್ನು ನಾಲ್ಕು ಮಾತು, ಬೇಜಾರು ಮಾಡಬೇಡ. ಯೂನಿಸನ್ ಯೂನಿಯನ್ನಿಗೆ ಸೇರುತ್ತೇನೆ ಅಂದವಳು ಇನ್ನೂ ಸೇರಿಲ್ಲ, ಈ ತಿಂಗಳೇ ಸೇರು, ಚಂದಾ ಹೆಚ್ಚಾಯಿತು ಅಂತ ನೋಡಬೇಡ. ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡ, ಸಂಬಳದ ಚೀಟಿ ಎಲ್ಲ ಒಂದು ಫೈಲಿನಲ್ಲಿ ಇಡು, ಹೊಸ ಕೆಲಸದ ಸ್ಪಾನ್ಸರ್ ಕಾಗದ ಕೈಗೆ ಬರುವ ಮೊದಲು ಈಗಿನ ಕೆಲಸ ಬಿಡಬೇಡ. ನಿನ್ನ ಎಂಪಿ ವಾರಕ್ಕೊಮ್ಮೆ ಜನರನ್ನು ಕಾಣುತ್ತಾರೆ ಅಂದಿದ್ದೆಯಲ್ಲ, ಹೋಗು, ಒಬ್ಬಳೇ ಹೋಗಬೇಡ, ನಿನ್ನ ತರದವರನ್ನು ಕರೆದುಕೊಂಡು ಹೋಗು. ಜಗಳ ಯಾರ ಹತ್ರ ಅಂತ ಕೇಳಿದೆ. ಮೊದಲು ಅವರ ಹತ್ರ. ನೀನು ಮತ ಹಾಕಿದವಳು, ಕೇಳುವ ಹಕ್ಕಿದೆ. ಮತ್ತೆ ರಾತ್ರಿ ಪಾಳಿ ಮುಗಿಸಿ ಊಟ ಬಿಡಬೇಡ. ವೀಡಿಯೋದಲ್ಲಿ ನಿನ್ನ ಕೊರಳಿನ ಎಲುಬು ಕಾಣಿಸುತ್ತಿತ್ತು ಅಂತ ಅಮ್ಮ ಅತ್ತಳು.

ಸಾಲದ ಚಿಂತೆ ನನಗೆ ಬಿಡು. ಪಟ್ಟಯ ಬ್ಯಾಂಕಿನಲ್ಲಿ ಅಡವು ಇದೆ ಅಂತ ನೀನು ಅಲ್ಲಿ ಕೂತು ಸಹಿಸಿಕೊಳ್ಳುವುದು ಬೇಡ. ವಾಪಸ್ ಬರಬೇಕು ಅನ್ನಿಸಿದರೆ ಬಾ. ಹತ್ತು ಸೆಂಟ್ಸೂ ಹಾಗೇ ಇದೆ, ಈ ಸಲ ಹಲಸು ಬುಡದಿಂದಲೇ ಬಿಟ್ಟಿದೆ, ಅಮ್ಮ ಹಪ್ಪಳ ಒತ್ತಿ ಒಣಗಿಸಿದ್ದಾಳೆ. ಇರುತ್ತೇನೆ ಅಂದರೆ ಇರು. ಮುಂದಿನ ಚುನಾವಣೆಗೆ ಯಾರಿಗೆ ಹಾಕಬೇಕು ಅಂತ ನಾನು ಬಾಯಿ ಬಿಡುವುದಿಲ್ಲ.

ಬಾವಿಯ ವಿಷಯ ಅಮ್ಮನಿಗೆ ನಾನೇ ಹೇಳುತ್ತೇನೆ, ನೀನು ಮೊದಲು ಹೇಳಬೇಡ. ಭಾನುವಾರ ಫೋನ್ ಮಾಡು. ನಾನೇ ಎತ್ತುತ್ತೇನೆ.

ನಿನ್ನ
ಅಪ್ಪ