ನಿಂತ ನೀರನ್ನೂ ಅಳೆಯಲಿ

ಸಂಪಾದಕರೇ,

2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿಯಿತು, ಅದೇ ದಿನ ಕೊಲಾಬಾದಲ್ಲಿ ಸುಮಾರು 73 ಮಿ.ಮೀ. ಅಷ್ಟೇ. ಒಂದೇ ಊರು ಅಲ್ವಾ? ಒಂದೆರಡು ಮಾಪಕ ನಂಬಿ ಕೂರುವಂತಿಲ್ಲ ಅಂತ ಆಗಲೇ ಗೊತ್ತಾಯಿತು. ಆಮೇಲೆ ಪಾಲಿಕೆ ಊರ ತುಂಬ ಮಳೆ ಮಾಪಕ ಹಾಕಿತು, ದಾದರ್ ಬಳಿಯ ತಗ್ಗು ಪ್ರದೇಶ ಹಿಂದ್‌ಮಾತಾದ ನೀರು ಹಿಡಿದಿಡಲು ನೆಲದಡಿ ಟ್ಯಾಂಕ್ ಕಟ್ಟಿತು, 2022ರಲ್ಲಿ ಹವಾಮಾನ ಯೋಜನೆಯನ್ನೂ ತಂದಿತು. ಒಳ್ಳೆಯದೇ. ಆದರೆ ಸಮುದ್ರ ಉಬ್ಬರದಲ್ಲಿರುವಾಗ ಜೋರು ಮಳೆ ಬಂದರೆ ಚರಂಡಿ ನೀರು ಹೊರಗೆ ಹೋಗುವುದಿಲ್ಲ, ಪಂಪ್‌ನಿಂದಲೇ ತಳ್ಳಬೇಕು. ಆ ಯೋಜನೆಯ 2050ರ ನೆಟ್ ಝೀರೋ ಗುರಿ (ಗಾಳಿಗೆ ಬಿಟ್ಟಷ್ಟೇ ಇಂಗಾಲವನ್ನು ಮತ್ತೆ ತೆಗೆಯುವುದು) ಇರಲಿ. ಈ ಮಳೆಗಾಲದಲ್ಲಿ ಯಾವ ಗಲ್ಲಿಯಲ್ಲಿ ಎಷ್ಟು ಹೊತ್ತು ನೀರು ನಿಂತಿತು, ಎಷ್ಟು ಮನೆಗೆ ನುಗ್ಗಿತು ಅನ್ನೋದನ್ನೂ ಅಳೆದು, ವಾರ್ಡ್‌ವಾರು ಪ್ರಕಟಿಸಲಿ.

– ಒಬ್ಬ ಓದುಗ, ಮುಂಬೈ