ಬೇಲಿಗೊಂದು ದಣಪೆ ಇರಲಿ: ಉತ್ತರ ಕನ್ನಡ ಜಿಲ್ಲಾಧಿಕಾರಿಯವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರೇ,

ನಮಸ್ಕಾರ. ನಾನು ಕುಮಟಾ ಕಡೆಯವನು. ನಿವೃತ್ತಿಯಾಗಿ ಕೆಲವು ವರ್ಷವಾಯಿತು. ಮೊಣಕಾಲು ಇನ್ನೂ ಹೇಳಿದ ಮಾತು ಕೇಳುತ್ತದೆ, ಹಾಗಾಗಿ ನಡೆಯುತ್ತೇನೆ. ಈ ಪತ್ರವೂ ನಡೆಯುವ ದಾರಿಯ ಬಗ್ಗೆಯೇ. ಹೆದ್ದಾರಿ ಬಗ್ಗೆ ಅಲ್ಲ. ಅದರ ಬಗ್ಗೆ ನಿಮಗೆ ದಿನಕ್ಕೆ ಹತ್ತು ಪತ್ರ ಬರುತ್ತಿರಬಹುದು.

ಕಳೆದ ಡಿಸೆಂಬರಿನಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಗೋಕರ್ಣದಿಂದ ಕುಮಟಾಕ್ಕೆ ಸಮುದ್ರದ ಬದಿಯಲ್ಲೇ ನಡೆದು ಬರೋಣ ಎಂದು ಇಬ್ಬರೂ ಹೊರಟೆವು. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳು, ಬೇಲೆಕಾನ, ತದಡಿ. ಅಲ್ಲಿ ಬಾರ್ಜ್ ಹತ್ತಿ ಹೊಳೆ ದಾಟಿದರೆ ಅಘನಾಶಿನಿ ಊರು. ಮುಂದೆ ಬಾಡ, ಕಡ್ಲೆ, ಆಮೇಲೆ ಮನೆ. ಅವನ ಬಾಯಲ್ಲಿ ಇದು 'ಕೋಸ್ಟಲ್ ಟ್ರೆಕ್'. ನಮ್ಮ ಅಜ್ಜಿಯ ಬಾಯಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಗೋಕರ್ಣಕ್ಕೆ ಹೋಗಿ ಬಂದೆ ಅನ್ನುತ್ತಿದ್ದಳು, ಅಷ್ಟೇ.

ದಾರಿಯಲ್ಲಿ ಒಂದು ಕಡೆ ಗುಡ್ಡದ ಮೂಗು ನೇರ ಸಮುದ್ರಕ್ಕೆ ಚಾಚಿಕೊಂಡಿದೆ. ಕಾಲುದಾರಿ ಅದರ ನೆತ್ತಿಯ ಮೇಲೆ ಹೋಗುತ್ತದೆ. ಈ ಸಲ ಅಲ್ಲಿ ತಂತಿ ಬೇಲಿ, ಕಬ್ಬಿಣದ ಗೇಟು, ಗೇಟಿಗೆ ಬೀಗ. ಕಾವಲಿಗಿದ್ದ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. "ಪ್ರೈವೇಟ್ ಜಾಗ ಸಾರ್, ಕೆಳಗಿಂದ ಹೋಗಿ" ಎಂದ. ಕೆಲಸಕ್ಕೆ ಬಂದು ಮೂರು ತಿಂಗಳಾಗಿತ್ತಂತೆ. ಅವನ ತಪ್ಪೇನಿಲ್ಲ.

ಕೆಳಗೆ ಅಂದರೆ ಬಂಡೆ. ಉಬ್ಬರ ಏರುತ್ತಿತ್ತು. ಪಾಚಿಯ ಮೇಲೆ ಅಳಿಯನ ಕಾಲು ಜಾರಿತು. ಮಂಡಿ ಕಿತ್ತುಹೋಯಿತು, ಫೋನು ಸಮುದ್ರದ ಪಾಲಾಯಿತು. "ಮಾವ, ಮ್ಯಾಪಲ್ಲಿ ದಾರಿ ಮೇಲೇ ಇತ್ತು" ಎಂದು ಅಲ್ಲೇ ಕೂತು ಅಳುವಂತಾದ. ದೊಡ್ಡ ಅಲೆ ಹೋದ ಮೇಲೆ ದಾಟಬೇಕು ಅನ್ನುವುದು ನನಗೆ ಚಿಕ್ಕಂದಿನಿಂದ ಗೊತ್ತು, ಹೇಗೋ ದಾಟಿಸಿದೆ. ಗೊತ್ತಿಲ್ಲದ ನಾಲ್ಕು ಹುಡುಗರು ಬಂದಿದ್ದರೆ? ನೀರಿಗೆ ಇಳಿಯಬೇಡಿ ಎಂದು ಬೀಚಿನಲ್ಲೆಲ್ಲ ಬೋರ್ಡು ಹಾಕುತ್ತೇವೆ. ನೀರಿನಿಂದ ದೂರ ಇರುವ ದಾರಿಗೆ ಬೀಗ ಹಾಕಲು ಬಿಡುತ್ತೇವೆ.

ಆಮೇಲೆ ಒಂದು ಕಚೇರಿಗೆ ಹೋಗಿ ಕೇಳಿದೆ. ಯಾವ ಕಚೇರಿ ಅನ್ನುವುದು ಬೇಡ ಬಿಡಿ. "ಆ ದಾರಿಗೆ ದಾಖಲೆ ಇದೆಯಾ?" ಎಂದು ಕೇಳಿದರು. ಅಜ್ಜಿ ಕಾಲದ ದಾರಿಗೆ ಎಂಥ ದಾಖಲೆ ಎಂದು ಸಿಟ್ಟು ಬಂತು. ಮನೆಗೆ ಬಂದು ಚಹಾ ಕುಡಿಯುವಾಗ ಅನಿಸಿತು, ಪ್ರಶ್ನೆ ಸರಿಯಾಗಿಯೇ ಇದೆಯಲ್ಲ. ನಿಮಗೆ ಬರೆಯಲು ಅದೇ ಕಾರಣ.

ಈ ದಾರಿ ಮಾಡಿದ್ದು ಟ್ರೆಕ್ಕಿಂಗ್‌ನವರಲ್ಲ, ಕೆಲಸಕ್ಕೆ ಹೋಗುವವರು. ಮೀನಿನ ಬುಟ್ಟಿ ಹೊತ್ತ ಹೆಂಗಸರು, ತರಕಾರಿ ಹೊತ್ತ ಹಾಲಕ್ಕಿಯವರು, ದೋಣಿ ಕಾಯುವ ಅಂಬಿಗರು, ಹೊಳೆಯಲ್ಲಿ ಬಳಚು ಅನ್ನುವ ಚಿಪ್ಪಿ ಆರಿಸುವವರು, ಉಪ್ಪಿನ ಆಗರಕ್ಕೆ ಹೋಗುವವರು. ಹಾಗಾಗಿ ಇಲ್ಲಿ ನಡೆದರೆ ಬೀಚು ಮಾತ್ರ ಕಾಣುವುದಿಲ್ಲ. ಇಡೀ ಕರಾವಳಿ ಏನು ಮಾಡಿ ಬದುಕಿತು ಅನ್ನುವುದು ಕಾಣುತ್ತದೆ.

ಸಾಣಿಕಟ್ಟಾದ ಉಪ್ಪಿನ ಆಗರವನ್ನೇ ನೋಡಿ. ಓಂ ಬೀಚಿಗೆ ಬರುವವರ ಕಾರು ಮಾದನಗೇರಿಯಿಂದ ತಿರುಗಿ ಆಗರದ ಪಕ್ಕದಲ್ಲೇ ಹೋಗುತ್ತದೆ. ಬಿಳಿ ರಾಶಿ ಕಂಡರೆ ಫೋಟೊ ಹೊಡೆದು ಮುಂದೆ ಹೋಗುತ್ತಾರೆ. ಇಳಿದು ಅರ್ಧ ದಿನ ನಿಂತರೆ ಗೊತ್ತಾಗುತ್ತದೆ, ಅದು ಚಿಮಣಿ ಇಲ್ಲದ ಕಾರ್ಖಾನೆ. ಅಘನಾಶಿನಿಯ ಹಿನ್ನೀರು ಉಬ್ಬರದ ಹೊತ್ತಿಗೆ ಏರುತ್ತದೆ. ಏರಿದ ನೀರನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಹಾಕುತ್ತಾರೆ. ಹಿನ್ನೀರಿನ ಬದಿಯ ನಮ್ಮ ಗಜನಿ ಗದ್ದೆಗಳ ಒಡ್ಡಿನಲ್ಲಿ ಇರುವ ಇಂಥ ಬಾಗಿಲಿಗೆ ಜಂತ್ರಡಿ ಎನ್ನುತ್ತೇವೆ. ಆಮೇಲೆ ನೀರು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಹೋಗುತ್ತಾ ಬಿಸಿಲಿಗೆ ಗಟ್ಟಿಯಾಗುತ್ತದೆ. ಕೊನೆಯ ಕಟ್ಟೆಯಲ್ಲಿ ಹರಳು ಕಟ್ಟುತ್ತದೆ. ಉದ್ದ ಹಿಡಿಯ ಮರದ ಹಲಗೆಯಲ್ಲಿ ಅದನ್ನು ಎಳೆದು ಬದುವಿಗೆ ಹಾಕುತ್ತಾರೆ. ಕಲ್ಲಿದ್ದಲು ಇಲ್ಲ, ಕರೆಂಟು ಬೇಡ. ಬಿಸಿಲು, ಉಬ್ಬರ, ಮನುಷ್ಯರ ಸೊಂಟ, ಇಷ್ಟೇ ಇಂಧನ. ಮೊದಲ ಮಳೆ ಬಿದ್ದರೆ ಆ ವರ್ಷದ ಕೆಲಸ ಮುಗಿಯಿತು. ಈ ಕಸುಬನ್ನು ತಲೆತಲಾಂತರದಿಂದ ಮಾಡಿದವರು ಆಗೇರ ಸಮುದಾಯದವರು. ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರು ಉಪ್ಪಿನ ಕಾಯ್ದೆ ಮುರಿದರು ಎಂದು ಶಾಲೆಯಲ್ಲಿ ಓದುತ್ತೇವೆ. ಆ ಉಪ್ಪು ಹೇಗೆ ಆಗುತ್ತದೆ ಎಂದು ಕಣ್ಣಾರೆ ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ ಪಕ್ಕದಲ್ಲೇ ಇದೆ. ಕರೆದುಕೊಂಡು ಹೋಗುವವರು ಕಡಿಮೆ.

ಕುಮಟಾದ ಕಥೆ ಇನ್ನೂ ತಮಾಷೆ. ಇಲ್ಲಿ ಹತ್ತಿ ಬೆಳೆಯುವುದಿಲ್ಲ, ಆದರೂ ಇಂಗ್ಲೆಂಡಿನ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂದು ಒಂದು ಜಾತಿಯೇ ಇತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ನಮ್ಮ ಬಂದರಿನಿಂದ ಹಡಗು ಹತ್ತುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಹತ್ತಿಗೆ ಬೇಡಿಕೆ ಏರಿತು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಕ್ಕೂ ಹತ್ತಿ ವ್ಯಾಪಾರ ಮತ್ತು ಕಾರವಾರ ಬಂದರಿನ ಆಸೆಯೇ ಮುಖ್ಯ ಕಾರಣ. ಮುಂದೆ ರೈಲು ಗೋವೆಯ ಮುರ್ಮುಗಾವಿ ಬಂದರಿಗೆ ಹೋಯಿತು, ಹತ್ತಿಯೂ ಅದರ ಹಿಂದೆ ಹೋಯಿತು. ಇಂದು ಕುಮಟಾದಲ್ಲಿ ಇದನ್ನು ಹೇಳುವ ಒಂದು ಕಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬೇಲೆಕೇರಿ ಬಂದರಿನ ಕೆಂಪು ಮಣ್ಣಿನ, ಅಂದರೆ ಕಬ್ಬಿಣದ ಅದಿರಿನ, ಕಥೆ ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ.

ನೀವು ಕೂರುವ ಕಾರವಾರದಲ್ಲಿ ಭಾಷಣ ಮಾಡಲು ಬಂದವರೆಲ್ಲ ರವೀಂದ್ರನಾಥ ಟ್ಯಾಗೋರರ ಹೆಸರು ಹೇಳಿಯೇ ಹೋಗುತ್ತಾರೆ. ಅವರ ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಟ್ಯಾಗೋರರು ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ಹಿಂದೆ ಬರುವಾಗ ಅಳಿವೆಯಲ್ಲಿ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದ್ದನ್ನು ಬರೆದಿದ್ದಾರೆ. ಆ ರಾತ್ರಿ ಅವರನ್ನು ತಡೆಯಲು ಗೇಟು ಇರಲಿಲ್ಲ, ಪುಣ್ಯ.

ಕಾರವಾರ ಮತ್ತು ಅಂಕೋಲೆಯ ನಡುವಿನ ಉದ್ದದ ದಂಡೆಯನ್ನು ನೌಕಾಪಡೆಯ ಸೀಬರ್ಡ್ ಯೋಜನೆಗೆ ಕೊಟ್ಟಿದ್ದೇವೆ. ಸಾವಿರಾರು ಕುಟುಂಬ ಮನೆ ಬಿಟ್ಟವು. 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ಅದು ದೇಶದ ಕೆಲಸ, ಅಲ್ಲಿ ನಡೆಯಲು ಬಿಡಿ ಎಂದು ಯಾರೂ ಕೇಳುವುದಿಲ್ಲ. ಆದರೆ ದೇಶಕ್ಕೆ ಅಂತ ಬಿಟ್ಟಷ್ಟು ಸುಲಭವಾಗಿ ಯಾರದೋ ಈಜುಕೊಳಕ್ಕೆ ಅಂತ ಬಿಡಲು ಮನಸ್ಸು ಬರುವುದಿಲ್ಲ, ಅಲ್ವಾ?

ಈಗ ನನ್ನ ಬೇಡಿಕೆ. ಹಳೆಯ ಗ್ರಾಮ ನಕಾಶೆಗಳಲ್ಲಿ ಕಾಲುದಾರಿಗೆ ಚುಕ್ಕೆ ಗೆರೆ ಇರುತ್ತದೆ. ಗೋಕರ್ಣದಿಂದ ಕುಮಟಾದವರೆಗಿನ ಊರುಗಳ ನಕಾಶೆ ತೆಗೆಸಿ, ಸರ್ವೆಯವರನ್ನು ಒಮ್ಮೆ ಆ ಗೆರೆಯ ಮೇಲೆ ನಡೆಸಿ. ಗೆರೆ ಇದ್ದಲ್ಲಿ ಬೇಲಿ ತೆಗೆಸಿ. ಹುಲ್ಲಿನ ಬೇಣದಲ್ಲಿ, ಗುಡ್ಡದಲ್ಲಿ ಕೆಲವು ಕಡೆ ಗೆರೆಯೇ ಇರಲಿಕ್ಕಿಲ್ಲ. ಅಲ್ಲಿ ಗ್ರಾಮಸಭೆ ಕರೆದು ಎಪ್ಪತ್ತು ದಾಟಿದವರನ್ನು ಕೇಳಿ. ಯಾವ ಗೇರುಮರದ ಬುಡದಲ್ಲಿ ದಾರಿ ತಿರುಗುತ್ತದೆ ಎಂದು ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಅದನ್ನು ಬರೆದುಕೊಂಡು, ಕಾನೂನಿನಲ್ಲಿ ಬರುವಂಥದ್ದನ್ನು ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಯ ಜಾಗ, ಎಂದು ಪಹಣಿಗೆ ಸೇರಿಸಿ. ಇದು ದುಡ್ಡಿನ ಕೆಲಸಕ್ಕಿಂತ ಕಾಲಿನ ಕೆಲಸ. ತಡ ಮಾಡಿದಷ್ಟೂ ಸಾಕ್ಷಿ ಹೇಳುವವರು ಕಡಿಮೆಯಾಗುತ್ತಾರೆ. ನನಗೆ ದಾರಿ ತೋರಿಸಿದವರಲ್ಲೇ ಇಬ್ಬರು ಹೋದ ಮಳೆಗಾಲದಲ್ಲಿ ತೀರಿಕೊಂಡರು.

ರೆಸಾರ್ಟ್ ಬೇಡ ಎನ್ನುತ್ತಿಲ್ಲ. ನಮ್ಮ ಹುಡುಗರಿಗೆ ಅಲ್ಲಿ ಕೆಲಸ ಸಿಕ್ಕಿದೆ. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯೇ ಹೇಳಿತ್ತು: ಬೇಲಿ ಜನರನ್ನು ಬೀಚಿಗೆ ಹೋಗದಂತೆ ತಡೆಯಬಾರದು, ಎರಡು ಹೋಟೆಲ್‌ಗಳ ನಡುವೆ ಕನಿಷ್ಠ 20 ಮೀಟರ್ ಬಿಡಬೇಕು. ನಮ್ಮ ಕಡೆ ತೋಟಕ್ಕೆ ಬೇಲಿ ಹಾಕಿದವರು ದಾರಿ ಇರುವಲ್ಲಿ ಒಂದು ದಣಪೆ ಇಡುತ್ತಿದ್ದರು. ದನ ಒಳಗೆ ಬರುವುದಿಲ್ಲ, ಜನ ದಾಟಿಕೊಂಡು ಹೋಗುತ್ತಾರೆ. ತೋಟವೂ ಉಳಿಯಿತು, ದಾರಿಯೂ ಉಳಿಯಿತು. ಕಬ್ಬಿಣದ ಗೇಟು ಮಾಡಿಸುವಷ್ಟು ದುಡ್ಡು ಇದ್ದವರಿಗೆ ಒಂದು ದಣಪೆ ಭಾರವೇ?

ಇನ್ನೊಂದು ಮಾತು, ಸ್ವಲ್ಪ ಹೆದರಿಕೆಯಿಂದಲೇ ಹೇಳುತ್ತಿದ್ದೇನೆ. ದಾರಿ ಉಳಿಸಿ ಎಂದರೆ 'ಅಭಿವೃದ್ಧಿ' ಶುರುವಾಗಿಬಿಡುತ್ತದೆ. ದಯವಿಟ್ಟು ಇಂಟರ್‌ಲಾಕ್ ಹಾಸಬೇಡಿ. ಚಿರೇಕಲ್ಲಿನ ಗುಡ್ಡಕ್ಕೆ ಸ್ಟೀಲ್ ಕಂಬಿ, ಬಣ್ಣದ ಲೈಟು, 'ಐ ಲವ್' ಬೋರ್ಡು ಯಾವುದೂ ಬೇಡ. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ, ಅದರ ಪಕ್ಕದಲ್ಲಿ ಕಾಂಕ್ರೀಟು ಸುರಿಯುವ ಉಪಕಾರ ಯಾರಿಗೂ ಬೇಕಾಗಿಲ್ಲ. ದಾರಿ ಒಡೆಯುವ ಕಡೆ ಕಲ್ಲಿಗೆ ಬಳಿದ ಒಂದು ಬಾಣದ ಗುರುತು ಸಾಕು. ತದಡಿ ಮತ್ತು ಅಘನಾಶಿನಿ ಧಕ್ಕೆಯಲ್ಲಿ ಕೊನೆಯ ಬಾರ್ಜಿನ ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಬರೆಸಿ. ನಾವು ಅದನ್ನು ಚಹಾ ಅಂಗಡಿಯಲ್ಲಿ ಕೇಳಿ ತಿಳಿಯಬೇಕಾಯಿತು. ತಪ್ಪಿದರೆ ಮಿರ್ಜಾನ್ ಕಡೆ ಸುತ್ತಿ ಬರಬೇಕು, ಕತ್ತಲಾದ ಮೇಲೆ ಅದು ನಡೆಯುವ ಮಾತಲ್ಲ.

ಒಮ್ಮೆ ನೀವೇ ಬನ್ನಿ. ಸರ್ಕಾರಿ ಗಾಡಿ ಗೋಕರ್ಣದಲ್ಲೇ ಬಿಡಿ. ಮಾರ್ಚ್ ಒಳಗೆ ಬಂದರೆ ಒಳ್ಳೆಯದು, ಆಮೇಲೆ ಬಿಸಿಲು ಜಾಸ್ತಿ. ಬೆಳಿಗ್ಗೆ ಇಳಿತ ಇರುವ ದಿನ ನೋಡಿ ನಾನು ತಿಳಿಸುತ್ತೇನೆ. ಎರಡು ಬಾಟಲಿ ನೀರು, ಒಂದು ಟೋಪಿ ಇದ್ದರೆ ಆಯಿತು. ಬೀಗ ಹಾಕಿದ ಗೇಟಿನ ಹತ್ತಿರ ಬಂದಾಗ ಯಾರು ನೀವು ಎಂದು ಹೇಳಬೇಡಿ. ಸುಮ್ನೆ ನಿಂತು, ಆ ಹುಡುಗ ಏನನ್ನುತ್ತಾನೆ ಕೇಳಿ.

ಇಂತಿ ನಮಸ್ಕಾರಗಳು,
ಕುಮಟಾ ತಾಲ್ಲೂಕಿನ ಒಬ್ಬ ನಡಿಗೆಗಾರ